ಹೊಸ ಕೃತಿಗೂ ಒಂದು ಜಾಗ ಕೊಡಿ

ನಾನು ಒಂಟಿಕೊಪ್ಪಲಿನ ಹುಡುಗ. ಲಂಡನ್ನಿಗೆ ಬಂದು 17 ವರ್ಷವಾಯಿತು. ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಅಪ್ಪನ ಪಕ್ಕ ಕೂತು ಕಛೇರಿ ಕೇಳಿ ಬೆಳೆದವನು. ಅಪ್ಪ ತೊಡೆ ಮೇಲೆ ತಾಳ ಹಾಕುತ್ತಿದ್ದರು, ನಾನು ಅವರ ಬೆರಳು ನೋಡಿಕೊಂಡು ಹಾಕುತ್ತಿದ್ದೆ.

ಇಲ್ಲಿ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಒಂದು ಸಂಜೆ ಫಿನ್‌ಲ್ಯಾಂಡಿನ ಸಂಗೀತ ರಚನೆಕಾರ, ವಾದ್ಯವೃಂದ ನಡೆಸುವ ಎಸ-ಪೆಕ್ಕ ಸಲೊನೆನ್ ಅವರು ತಾವೇ ಬರೆದ ವಯೊಲಿನ್ ಕಾನ್ಸರ್ಟೊವನ್ನು (ವಯೊಲಿನ್ ಮುಂದಿದ್ದು ಇಡೀ ವಾದ್ಯವೃಂದ ಜೊತೆಗೂಡುವ ರಚನೆ) ತಾವೇ ನಿಂತು ನಡೆಸಿದರು. ಅದರ ಮೂರನೇ ಭಾಗದಲ್ಲಿ ಸಿನಿಮಾ ಹಾಡಿನಲ್ಲಿ ಕೇಳುವಂಥ ಡ್ರಮ್ ಸೆಟ್ ಜೋರಾಗಿ ಬರುತ್ತದೆ. ಆಮೇಲೆ ಕೊನೆಯ ಭಾಗ, ಬೀಳ್ಕೊಡುಗೆಯಂತೆ ನಿಧಾನ. ಅವರು ಎಡಗೈಯನ್ನು ಅಂಗೈ ಕೆಳಗೆ ಮಾಡಿ ಮೆಲ್ಲಗೆ ಇಳಿಸಿದರು. ಅಷ್ಟೂ ತಂತಿವಾದ್ಯಗಳು ಆ ಕೈಯ ಜೊತೆಗೇ ತಗ್ಗಿದವು. ನನ್ನ ಪಕ್ಕದ ಅಜ್ಜಿ ಕಾರ್ಯಕ್ರಮದ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಆಕೆ ಬಂದಿದ್ದೇ ಹೊಸದನ್ನು ಕೇಳಲಿಕ್ಕೆ.

ಸಲೊನೆನ್ ಹುಟ್ಟಿದ್ದು 1958ರಲ್ಲಿ, ಹೆಲ್ಸಿಂಕಿಯಲ್ಲಿ. ಓದುವ ಕಾಲದಲ್ಲಿ ಗೆಳೆಯರ ಜೊತೆ ಸೇರಿ ಒಂದು ಗುಂಪು ಕಟ್ಟಿದ್ದರು. ಅದರ ಹೆಸರಿನ ಅರ್ಥ 'ಕಿವಿ ತೆರೆದಿಡಿ' ಅಂತ. 1983ರಲ್ಲಿ, 25ನೇ ವಯಸ್ಸಿನಲ್ಲಿ, ನಡೆಸಬೇಕಾದವರು ಬರಲಾಗದೆ ಹೋದಾಗ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಮುಂದೆ ಇವರು ನಿಂತು ಮಾಹ್ಲರ್‌ನ ಮೂರನೇ ಸಿಂಫನಿ ನಡೆಸಿದರು. ಅಲ್ಲಿಂದ ಹೆಸರು ಬಂತು. ಆಮೇಲೆ ಲಾಸ್ ಏಂಜಲೀಸ್‌ನ ವಾದ್ಯವೃಂದಕ್ಕೆ 17 ವರ್ಷ ಸಂಗೀತ ನಿರ್ದೇಶಕರು. ನನಗೆ ಹಿಡಿಸಿದ್ದು ಬೇರೆ ಸಂಗತಿ. ಅಷ್ಟು ದೊಡ್ಡ ಕೆಲಸದ ನಡುವೆ, 2000ದಲ್ಲಿ, ಬರೆಯಲಿಕ್ಕೆಂದೇ ಅವರು ಒಂದು ವರ್ಷ ಬಿಡುವು ತೆಗೆದುಕೊಂಡರು. ಸಂಸ್ಥೆ ಕೊಟ್ಟಿತು. ವಯೊಲಿನ್ ಕಾನ್ಸರ್ಟೊ ಬಂದದ್ದು 2009ರಲ್ಲಿ, ಅಲ್ಲಿಂದ ಹೊರಡುವ ಹೊತ್ತಿಗೆ.

ಇದು ಅವರ ಊರಿನ ಮಾತು, ನಮಗೇನು ಅನ್ನಬೇಡಿ. ಅದೇ ಫಿಲ್‌ಹಾರ್ಮೋನಿಯಾದ ಶುರುವಿನ ದಿನಗಳಲ್ಲಿ ಬೆನ್ನಿಗೆ ನಿಂತವರು ನಮ್ಮ ಜಯಚಾಮರಾಜ ಒಡೆಯರ್. ರಷ್ಯಾದ ಮೆಡ್ನರ್ ಎಂಬ ಸಂಗೀತಗಾರ ಲಂಡನ್ನಿನಲ್ಲಿ ಯಾರ ಕಣ್ಣಿಗೂ ಬೀಳದೆ ಮುದುಕನಾಗುತ್ತಿದ್ದಾಗ, ಅವನ ರಚನೆಗಳನ್ನು ರೆಕಾರ್ಡ್ ಮಾಡಿಸಲು ಮೈಸೂರಿನಿಂದ ದುಡ್ಡು ಬಂತು. ಅವನು ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದಕ್ಕೂ ಮಹಾರಾಜರ ನೆರವಿತ್ತು. ಆಗ ಅದು ಹೊಸ ಸಂಗೀತ! ಇತ್ತ ಅವರೇ ವಾಸುದೇವಾಚಾರ್ಯರ ಹತ್ತಿರ ಕಲಿತು 94 ಕೃತಿ ರಚಿಸಿದರು. ಆ ಕೃತಿಗಳೂ ಒಂದು ದಿನ ಹೊಸವೇ ಆಗಿದ್ದವು, ಅಲ್ವಾ?

ಈಗ ಮನೆಯ ವಿಷಯ. ನನ್ನ ಅಕ್ಕನ ಮಗಳು ಮೈಸೂರಿನಲ್ಲೇ ಇದ್ದಾಳೆ, ಹಾಡುತ್ತಾಳೆ. ಕಾವೇರಿಯ ಮೇಲೆ ಷಣ್ಮುಖಪ್ರಿಯ ರಾಗದಲ್ಲಿ ಒಂದು ಕನ್ನಡ ಕೃತಿ ಮಾಡಿದ್ದಳು. ಕಛೇರಿ ಏರ್ಪಡಿಸುವ ಒಂದು ಸಂಗೀತ ಸಭೆಯವರಿಗೆ ಹೇಳಿದರೆ, "ಹೊಸದಾ? ಕೊನೇಲಿ ಎರಡು ನಿಮಿಷ ಹಾಡ್ಬಿಡಮ್ಮ, ಜನ ಎದ್ದು ಹೋಗ್ತಾರೆ" ಅಂದರಂತೆ. ಅವಳು ಕೊನೆಯಲ್ಲೂ ಹಾಡಲಿಲ್ಲ. ಫೋನಿನಲ್ಲಿ ನನಗೆ ಪಲ್ಲವಿ ಮಾತ್ರ ಹಾಡಿ ತೋರಿಸಿ, "ಹೋಗ್ಲಿ ಬಿಡಿ ಮಾಮ" ಅಂದಳು. ಅವತ್ತು ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಸಾಹಿತ್ಯವಿಲ್ಲದೆ ರಾಗ ಬೆಳೆಸುವ ಪ್ರತಿ ಆಲಾಪನೆಯೂ ಹೊಸದೇ, ಸ್ವರ ಹಾಕುವಾಗ ವಿದ್ವಾಂಸರು ಅಲ್ಲೇ ಹುಟ್ಟಿಸುತ್ತಾರೆ ಎಂದು ಅಪ್ಪ ಹೇಳುತ್ತಿದ್ದರು. ನಿಜ. ಅದು ಇಲ್ಲಿನವರಿಗೆ ಇಲ್ಲದ ಭಾಗ್ಯ. ಕೇಳುವ ರೀತಿಯಲ್ಲೂ ನಮ್ಮದೇ ಚೆಂದ. ಇಲ್ಲಿ ಕೆಮ್ಮಲಿಕ್ಕೂ ಕಾಯಬೇಕು. ಅಲ್ಲಿ ಹಾಡಿದ ಸಾಲನ್ನೇ ಬೇರೆ ಥರ ತಿರುಗಿಸುವ ಒಳ್ಳೆಯ ಸಂಗತಿ ಬಿದ್ದ ತಕ್ಷಣ "ಭೇಷ್" ಅನ್ನಬಹುದು, ಮಕ್ಕಳು ಓಡಾಡುತ್ತಿರಬಹುದು, ಜೇಬಿನಲ್ಲಿ ಕಾಸಿಲ್ಲದವರೂ ಕೂತು ಕೇಳಬಹುದು. ಆದರೆ ಆ ರಾತ್ರಿ ಹುಟ್ಟಿದ ಆಲಾಪನೆ ಆ ರಾತ್ರಿಗೇ ಮುಗಿಯುತ್ತದೆ. ಮುಂದಿನವರ ಬಾಯಿಗೆ ಹೋಗಬೇಕಾದರೆ ಯಾರಾದರೂ ಕೂತು ಕಟ್ಟಬೇಕು. ಕಟ್ಟುವವರಿಗೆ ಆರು ತಿಂಗಳ ಸಂಬಳ ಬೇಕು, ಪಕ್ಕವಾದ್ಯದವರ ಜೊತೆ ನಾಲ್ಕು ದಿನ ಅಭ್ಯಾಸ ಬೇಕು, ಕಛೇರಿಯ ನಡುಮಧ್ಯದಲ್ಲಿ ಜಾಗ ಬೇಕು. ಹಾಡುವವರಿಗೆ ಸಂಭಾವನೆ ಕೊಡುತ್ತೇವೆ, ಬರೆದವರಿಗೆ ಏನು ಕೊಡುತ್ತೇವೆ? ಈಗ ಅರಮನೆಯಿಲ್ಲ ಅನ್ನುತ್ತಾರೆ. ಸಲೊನೆನ್‌ಗೂ ಮಹಾರಾಜರಿರಲಿಲ್ಲ. ಟಿಕೆಟ್ ಕೊಂಡವರು, ದೇಣಿಗೆ ಕೊಟ್ಟವರು ಇದ್ದರು.

ನನ್ನಂತೆ ಹೊರಗಿರುವ ಮೈಸೂರಿನವರು ಬೇಕಾದಷ್ಟು ಜನ ಇದ್ದೇವೆ. ವರ್ಷಕ್ಕೆ ಒಂದು ಕೃತಿ ಬರೆಸುವುದು ನಾಲ್ಕೈದು ಮನೆಯವರು ಸೇರಿದರೆ ಆಗದ ಕೆಲಸವಲ್ಲ. ಸಂಗೀತ ಸಭೆಗಳವರನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ಅದನ್ನು ಮೃದಂಗದವರೇ ನುಡಿಸುವ ತನಿ ಆವರ್ತನಕ್ಕೆ ಮುಂಚೆ ಹಾಡಿಸಿ. ರಾಗ ತಾಳ ಹೇಳುವಾಗ ರಚಿಸಿದವರ ಹೆಸರೂ ಹೇಳಿ, ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಈ ಸಲ ಗಣಪತಿ ಹಬ್ಬಕ್ಕೆ ರಜೆ ಹಾಕಿದ್ದೇನೆ. ಮೊದಲ ಕೃತಿಯ ದುಡ್ಡು ನಾನು ಮತ್ತು ಇಬ್ಬರು ಗೆಳೆಯರು ಕೂಡಿಸಿದ್ದೇವೆ. ಅಕ್ಕನ ಮಗಳಿಗೆ ಹೇಳಿದೆ. ಕಾವೇರಿ ಕೃತಿಯ ಚರಣ ಇನ್ನೂ ಸರಿ ಹೋಗಿಲ್ಲ, ತಿರುಗಿ ಮಾಡಬೇಕು ಮಾಮ ಅಂದಳು. ನಿಧಾನವಾಗಿ ಮಾಡಮ್ಮ ಅಂದೆ.