3-4-3 ರಕ್ಷಣಾತ್ಮಕ ಅಲ್ಲ
ಫುಟ್‌ಬಾಲ್‌ನಲ್ಲಿ 3-4-3 ಅಂದರೆ ಹಿಂದೆ ಮೂವರು ಬ್ಯಾಕ್ (ರಕ್ಷಣಾ ಆಟಗಾರರು), ಮಧ್ಯದಲ್ಲಿ ನಾಲ್ವರು, ಮುಂದೆ ಮೂವರು. ಹೀಗೆ ಮೂವರು ಬ್ಯಾಕ್ ಇಟ್ಟರೆ ದಾಳಿ ಮೊಂಡಾಗುತ್ತದೆ ಅಂತ ಒಂದು ಲೇಖನದಲ್ಲಿದೆ, ಒಪ್ಪಲಾರೆ. 2016–17ರ ಇಂಗ್ಲಿಷ್ ಲೀಗ್‌ನ ಚೆಲ್ಸಿ ತಂಡ ನೋಡಿ. ಆರ್ಸೆನಲ್ ಕೈಲಿ 3-0 ಸೋತ ಮೇಲೆ ತರಬೇತುದಾರ ಕಾಂಟೆ 3-4-3ಕ್ಕೆ ಬಂದರು, ಲೀಗ್‌ನಲ್ಲಿ ಸತತ 13 ಗೆಲುವು! ಎಡಗಡೆಯ ವಿಂಗ್‌ಬ್ಯಾಕ್ (ಬದಿಯುದ್ದಕ್ಕೂ ಹಿಂದೆ-ಮುಂದೆ ಓಡುವ ಆಟಗಾರ) ಅಲೊನ್ಸೊ ಮೈದಾನದ ಅಂಚಿನ ಗೆರೆಗೆ ಅಂಟಿಕೊಂಡು ನಿಂತರೆ ಮುಂದಿನ ಮೂವರಲ್ಲೊಬ್ಬರಾದ ಹಜಾರ್ಡ್ ಒಳಗಡೆ. ಎದುರಾಳಿ ರೈಟ್ ಬ್ಯಾಕ್ ಅಲೊನ್ಸೊ ಕಡೆ ಓಡಿದರೆ ಹಜಾರ್ಡ್‌ಗೆ ತಿರುಗಲು ಜಾಗ. ಓಡದಿದ್ದರೆ ಅಲೊನ್ಸೊ ಆರಾಮಾಗಿ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಪಾಸ್) ಹಾಕುತ್ತಾರೆ. ಬಲಗಡೆಯ ಮೋಸೆಸ್ (ಮೂಲತಃ ವಿಂಗರ್) ಚೆಂಡು ಆಚೆ ಬದಿಯಲ್ಲಿದ್ದಾಗಲೂ ಗೆರೆ ಬಿಡುವಂತಿಲ್ಲ. ಬಿಟ್ಟರೆ ಎದುರಾಳಿಯ ನಾಲ್ವರು ಬ್ಯಾಕ್‌ಗಳೂ ಒತ್ತಾಗಿ ನಿಂತುಬಿಡುತ್ತಾರೆ, ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಈ ತಂತ್ರ ಕೆಡುವುದು ಎದುರಾಳಿಯೂ ಮೂವರು ಬ್ಯಾಕ್, ಇಬ್ಬರು ವಿಂಗ್‌ಬ್ಯಾಕ್ ಇಟ್ಟಾಗ. ಜನವರಿ 2017ರಲ್ಲಿ ಟಾಟನ್‌ಹ್ಯಾಮ್ ಹಾಗೇ ಆಡಿ 2-0 ಗೆದ್ದಿತು. ಎರಡೂ ಗೋಲು ಎರಿಕ್ಸನ್ ಕ್ರಾಸ್‌ಗೆ ಅಲಿ ಹೊಡೆದ ಹೆಡರ್.