ಸತ್ತವರಿಗೆ ತಿಂಗಳು ತಿಂಗಳು ಮಾಸಿಕ

ನಮ್ಮ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಒಂದು ವರ್ಷ, ತಿಂಗಳಿಗೊಂದರಂತೆ ಮಾಸಿಕ ಮಾಡುತ್ತಾರೆ. ವರ್ಷದ ತಿಥಿ ಮುಗಿದರೆ ಮಾಸಿಕವೂ ಮುಗಿಯಿತು, ಅಡುಗೆಯವರ ಬಾಕಿ ತೀರಿಸಿ ಮನೆಯವರು ಉಸ್ಸಪ್ಪಾ ಅನ್ನುತ್ತಾರೆ. ಇಂಗ್ಲೆಂಡಿನ ಸಂಗೀತ ಪತ್ರಿಕೆಗಳವರಿಗೆ ಮಾತ್ರ ಈ ನಿಲ್ಲಿಸುವ ಶಾಸ್ತ್ರವನ್ನು ಯಾರೂ ಹೇಳಿಕೊಟ್ಟಿಲ್ಲ. ಬೀಟಲ್ಸ್ ಅನ್ನುವ ಬ್ಯಾಂಡು ಒಡೆದುಹೋಗಿದ್ದು 1970ರಲ್ಲಿ, ಅದರ ಗಾಯಕ ಜಾನ್ ಲೆನನ್ ಸತ್ತಿದ್ದು 1980ರಲ್ಲಿ, ‘ಮೋಜೊ’ ಅನ್ನುವ ಮಾಸಿಕ ಹುಟ್ಟಿದ್ದು 1993ರಲ್ಲಿ. ಅದರ ಮೊದಲ ಮುಖಪುಟದಲ್ಲಿ ಯಾರು ಹೇಳಿ? ಅಮೆರಿಕದ ಗಾಯಕ ಬಾಬ್ ಡಿಲನ್ ಪಕ್ಕದಲ್ಲಿ ಅದೇ ಲೆನನ್. ಅವತ್ತಿನಿಂದ ಮಾಸಿಕ ನಡೆದೇ ಇದೆ. ಒಂದು ತಿಂಗಳು ಬೀಟಲ್ಸ್, ಒಂದು ತಿಂಗಳು ಬೋವಿ, ಒಂದು ತಿಂಗಳು ಪಿಂಕ್ ಫ್ಲಾಯ್ಡ್, ಮತ್ತೆ ಬೀಟಲ್ಸ್.

ಬದುಕಿರುವವರಿಗೂ ಬಿಡುಗಡೆ ಇಲ್ಲ. ಅದೇ ಬೀಟಲ್ಸಿನ ಪಾಲ್ ಮೆಕಾರ್ಟ್ನಿಗೆ 80 ದಾಟಿದೆ, ಮುಖಪುಟಕ್ಕೆ ಬೇಕಾಗುವುದು ಮಾತ್ರ 1966ರ ಹುಡುಗ. ಗೋಡೆಗೆ ತೂಗುಹಾಕಿ ಹಾರ ಹಾಕುವ ಫೋಟೊಗೂ ನಾವು ಹಳೆಯದನ್ನೇ ಹುಡುಕುತ್ತೇವಲ್ಲ, ಥೇಟ್ ಹಾಗೆ.

ಪಾಪ, ಪತ್ರಿಕೆಯವರ ಕಷ್ಟವೂ ಒಂದಿದೆ. ಕಿವಿಗೆ ಬೇಕಾದ್ದನ್ನು ಕಣ್ಣಿಗೆ ಮಾರಬೇಕು. ಮುಖಪುಟ ಹಾಡುವುದಿಲ್ಲ. ಹಾಗಾಗಿ ಸಂಗೀತ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅದರ ಮೇಲೆ ಹಾಕುತ್ತಾರೆ. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಸರಿಸಿ ಜೋಡಿಸುವುದರಿಂದ ಕಾಣುವುದು ಮೇಲಿನ ಒಂದು ಪಟ್ಟಿ, ಇಲ್ಲವೇ ಎಡಗಡೆಯ ನಾಲ್ಕು ಬೆರಳಿನಷ್ಟು ಜಾಗ. ಅದಕ್ಕೇ ಪತ್ರಿಕೆಯ ಹೆಸರು ಮೇಲೆ, ದಪ್ಪಗೆ, ಸಾಧ್ಯವಾದರೆ ಕೆಂಪಗೆ. ಇಷ್ಟೆಲ್ಲ ಲೆಕ್ಕ ಹಾಕಿ ಅಚ್ಚು ಮಾಡಿದ ಹೆಸರಿನ ಮೇಲೆ ಕೊನೆಗೆ ಗಾಯಕನ ತಲೆ ತಂದು ಕೂರಿಸುತ್ತಾರೆ, ಎರಡು ಅಕ್ಷರ ಅವನ ಕೂದಲಲ್ಲಿ ಕಳೆದುಹೋಗುತ್ತವೆ. ಹೆಸರು ಮುಚ್ಚಿದರೂ ಜನ ಗುರುತು ಹಿಡಿಯುತ್ತಾರೆ ಅನ್ನುವ ಗತ್ತು ಅದು. ಇನ್ನು ಗಾಯಕ ಎಲ್ಲಿ ನೋಡುತ್ತಿರಬೇಕು? ನೆಟ್ಟಗೆ ನಿಮ್ಮನ್ನೇ. ಗಿಟಾರ್ ನುಡಿಸುವವನು ಗಿಟಾರ್ ನೋಡಿದರೆ ವ್ಯಾಪಾರ ಆಗುವುದಿಲ್ಲವಂತೆ, ಆದ್ದರಿಂದ ಎಲ್ಲರೂ ಬಾಕಿ ವಸೂಲಿಗೆ ಬಂದವರ ಹಾಗೆ ದಿಟ್ಟಿಸುತ್ತಾರೆ.

ಸುತ್ತ ಬರಹ. ‘ಎಕ್ಸ್‌ಕ್ಲೂಸಿವ್’, ‘ಯಾರೂ ನೋಡಿರದ ಫೋಟೊ’, ‘ಯಾರಿಗೂ ಗೊತ್ತಿಲ್ಲದ ಕಥೆ’. ಒಂದೇ ರೆಕಾರ್ಡಿನ ಯಾರಿಗೂ ಗೊತ್ತಿಲ್ಲದ ಕಥೆಯನ್ನು ನಾನೊಬ್ಬನೇ ಮೂರು ಸಲ ದುಡ್ಡು ಕೊಟ್ಟು ಓದಿದ್ದೇನೆ.

ಆಮೇಲೆ ಪಟ್ಟಿಗಳು. ಮುಖಪುಟದಲ್ಲಿ ದೊಡ್ಡದೊಂದು ಅಂಕಿ ಇದ್ದರೆ ಓದುಗ ಜಗಳಕ್ಕೆ ತಯಾರಾಗಿಯೇ ಪತ್ರಿಕೆ ಎತ್ತಿಕೊಳ್ಳುತ್ತಾನೆ. ಅಮೆರಿಕದ ‘ರೋಲಿಂಗ್ ಸ್ಟೋನ್’ 2003ರಲ್ಲಿ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿ ಮಾಡಿ ಬೀಟಲ್ಸರ ‘ಸಾರ್ಜೆಂಟ್ ಪೆಪ್ಪರ್’ಗೆ ಒಂದನೇ ಸ್ಥಾನ ಕೊಟ್ಟಿತು. 2020ರಲ್ಲಿ ಮತ್ತೆ ಮಾಡಿದಾಗ ಅದು 24ನೇ ಸ್ಥಾನಕ್ಕೆ ಇಳಿದಿತ್ತು. 1967ರಿಂದ ಆ ರೆಕಾರ್ಡು ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಇದೆ, ಸಾರ್ವಕಾಲಿಕ ಅನ್ನುವುದು ಮಾತ್ರ 17 ವರ್ಷಕ್ಕೇ ಮುಗಿದುಹೋಯಿತು!

ಜಗಳ ತಾನಾಗಿ ಹುಟ್ಟದಿದ್ದರೆ ಹುಟ್ಟಿಸಬಹುದು. 1995ರ ಆಗಸ್ಟ್‌ನಲ್ಲಿ ಬ್ಲರ್ ಮತ್ತು ಓಯಸಿಸ್ ಅನ್ನುವ ಎರಡು ಬ್ಯಾಂಡುಗಳ ಹೊಸ ಹಾಡುಗಳು ಒಂದೇ ದಿನ ಅಂಗಡಿಗೆ ಬರುವುದಿದ್ದವು. ಇಂಗ್ಲೆಂಡಿನ ‘ಎನ್‌ಎಂಇ’ ಸಂಗೀತ ವಾರಪತ್ರಿಕೆ ಇಬ್ಬರು ಗಾಯಕರನ್ನೂ ಎದುರುಬದುರು ಹಾಕಿ, ಹೆವಿವೇಟ್ ಚಾಂಪಿಯನ್‌ಶಿಪ್ ಅಂತ ಬಾಕ್ಸಿಂಗ್ ಪೋಸ್ಟರನ್ನೇ ಮುಖಪುಟ ಮಾಡಿತು. ನಮ್ಮ ಜಾತ್ರೆ ಕುಸ್ತಿಯ ಪೋಸ್ಟರಿನಲ್ಲಿ ಕನಿಷ್ಠ ಪೈಲ್ವಾನರಾದರೂ ಇರುತ್ತಾರೆ, ಇಲ್ಲಿದ್ದವರು ಮೈಕ್ ಹಿಡಿಯುವವರು. ಬ್ಲರ್ ಸುಮಾರು 2,74,000, ಓಯಸಿಸ್ ಸುಮಾರು 2,16,000 ಪ್ರತಿ ಮಾರಿದರು. ಹಾಡು ಹೇಗಿತ್ತು ಅಂತ ಕೇಳಿದವರು ಕಡಿಮೆ.

ಮುಖ, ಪಟ್ಟಿ, ಜಗಳ ಮೂರೂ ಸಾಲದಿದ್ದರೆ ಉಚಿತ ಉಡುಗೊರೆ. ಇದಂತೂ ಹಳೇ ರೋಗ. ‘ರೋಲಿಂಗ್ ಸ್ಟೋನ್’ 1967ರಲ್ಲಿ ಶುರುವಾದಾಗ ಚಂದಾದಾರರಾದವರಿಗೆ ಗಾಂಜಾ ಸುರುಳಿಯ ತುದಿ ಹಿಡಿದುಕೊಳ್ಳುವ ಪುಟ್ಟ ಚಿಮಟ ಫ್ರೀ ಕೊಡುತ್ತಿತ್ತು. (ಕನಿಷ್ಠ ಅದು ಉಪಯೋಗಕ್ಕೆ ಬರುತ್ತಿತ್ತು ಅನ್ನಿ.) ಆಮೇಲೆ ಬಂದದ್ದು ಸಿಡಿ. ‘ಮೋಜೊ’ 2008ರಲ್ಲಿ ಬೀಟಲ್ಸರ ‘ವೈಟ್ ಆಲ್ಬಮ್’ ಪೂರ್ತಿ ಬೇರೆಬೇರೆಯವರ ಕೈಲಿ ಹಾಡಿಸಿ ಸಿಡಿ ಹಂಚಿತು. ಅಂದರೆ ಮುಖಪುಟದಲ್ಲಿ ಬೀಟಲ್ಸ್, ಸಿಡಿಯಲ್ಲಿ ಬೇರೆ ಯಾರೋ. ಬೆಂಗಳೂರಿನ ಹಳೇ ಪುಸ್ತಕದಂಗಡಿಗಳಲ್ಲಿ ನನ್ನಂಥವರಿಗೆ ಸಿಗುತ್ತಿದ್ದ ಪ್ರತಿಗಳಲ್ಲಿ ಆ ಸಿಡಿಯೂ ಇರುತ್ತಿರಲಿಲ್ಲ. ಅದನ್ನು ಕಿತ್ತ ಜಾಗದಲ್ಲಿ ಮೆಕಾರ್ಟ್ನಿಯ ಕೆನ್ನೆಗೆ ಒಣಗಿದ ಅಂಟು ಮೆತ್ತಿಕೊಂಡಿರುತ್ತಿತ್ತು, ಅಷ್ಟೇ.

ತಮಾಷೆ ಏನೆಂದರೆ, ಇದ್ಯಾವುದೂ ಇಲ್ಲದ ಮುಖಪುಟವೂ ಒಂದಿದೆ. 1981ರ ಜನವರಿ 22ರ ‘ರೋಲಿಂಗ್ ಸ್ಟೋನ್’. ಬೆತ್ತಲೆ ಲೆನನ್, ಮಗುವಿನ ಹಾಗೆ ಮುದುರಿಕೊಂಡು ಹೆಂಡತಿ ಯೋಕೊ ಓನೊಳನ್ನು ತಬ್ಬಿಕೊಂಡಿದ್ದಾನೆ. ಆನಿ ಲೀಬೊವಿಟ್ಜ್ ಆ ಫೋಟೊ ತೆಗೆದ ದಿನ ರಾತ್ರಿಯೇ ಅವನಿಗೆ ಗುಂಡು ಬಿತ್ತು. ಪತ್ರಿಕೆಯ ಹೆಸರು ಬಿಟ್ಟರೆ ತಲೆಬರಹವೇ ಇಲ್ಲ, ಪಟ್ಟಿ ಇಲ್ಲ, ಫ್ರೀ ಇಲ್ಲ. 2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟ ಅಂತ ಅದನ್ನೇ ಆರಿಸಿತು. ಇದರಿಂದ ಉಳಿದವರು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಬಹುದಿತ್ತು. ಕಲಿತದ್ದು ಲೆನನ್ ಮಾರಾಟವಾಗುತ್ತಾನೆ ಅನ್ನುವುದನ್ನು.

ಈಗ ಮಾರುವ ತಾಪತ್ರಯವೂ ಕಡಿಮೆ. ‘ಎನ್‌ಎಂಇ’ 2015ರಲ್ಲಿ ಬಿಟ್ಟಿ ಹಂಚಲು ಶುರು ಮಾಡಿ, 2018ರಲ್ಲಿ ವಾರದ ಮುದ್ರಣವನ್ನೇ ನಿಲ್ಲಿಸಿತು. ಆದರೂ ಮುಖಪುಟ ನಿಲ್ಲಲಿಲ್ಲ ನೋಡಿ. ‘ಡಿಜಿಟಲ್ ಕವರ್’ ಅಂತ ಬಂದಿದೆ. ಜೋಡಿಸಲು ಅಂಗಡಿ ಇಲ್ಲ, ಆದರೂ ಹೆಸರು ಮೇಲೇ ಇದೆ, ಅದರ ಮೇಲೆ ತಲೆಯೂ ಇದೆ, ಕಣ್ಣು ನೆಟ್ಟಗೆ ನಮ್ಮನ್ನೇ ನೋಡುತ್ತದೆ.

ಮೊನ್ನೆ ಅಕ್ಕನ ಮಗ ಫೋನು ಹಿಡಿದುಕೊಂಡು ಓಡಿ ಬಂದ. ‘ಮಾವ, ನೋಡಿ, ನನ್ನ ಫೇವರಿಟ್ ಬ್ಯಾಂಡ್ ಕವರ್‌ನಲ್ಲಿ ಬಂದಿದೆ!’

ಚೆನ್ನಾಗಿತ್ತು. ‘ಎಲ್ಲಿ, ಪುಟ ತಿರುಗಿಸು’ ಅಂದೆ.

‘ಪುಟ ಎಲ್ಲಿಂದ ಬರುತ್ತೆ ಮಾವ? ಬರೀ ಕವರ್ರು.’