ಎರಡನೇ ಆಲ್ಟರ್ನೇಟರ್‌ನಿಂದ ಪುಕ್ಕಟೆ ಕರೆಂಟ್ ಸಿಗುತ್ತದೆಯೇ?

ಡೀಸೆಲ್ ಲಾರಿಗೆ ಇನ್ನೊಂದು ಆಲ್ಟರ್ನೇಟರ್ (ಎಂಜಿನ್ ತಿರುಗಿಸಿದಾಗ ಕರೆಂಟ್ ತಯಾರಿಸುವ ಯಂತ್ರ) ಹಾಕಿದರೆ ಪುಕ್ಕಟೆ ಕರೆಂಟ್, ಎಂಜಿನ್ ಹೇಗೂ ತಿರುಗುತ್ತಿರುತ್ತದೆ ಅಲ್ವಾ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಕೇಳಲು ಸರಿ ಎನಿಸುತ್ತದೆ, ಆದರೆ ನಿಜವಲ್ಲ.

ಕರೆಂಟ್ ಎಳೆದಷ್ಟೂ ಆಲ್ಟರ್ನೇಟರ್ ತಿರುಗಿಸುವುದು ಭಾರವಾಗುತ್ತದೆ. ಆ ಭಾರ ಬೆಲ್ಟ್ ಮೂಲಕ ಎಂಜಿನ್ ಮೇಲೆ ಬೀಳುತ್ತದೆ, ಡೀಸೆಲ್ ಜಾಸ್ತಿ ಉರಿಯುತ್ತದೆ. ಬೇಕಿದ್ದರೆ ನೀವೇ ಗುಣಿಸಿ ನೋಡಿ: 28 ವೋಲ್ಟ್‌ನಲ್ಲಿ 100 ಆಂಪಿಯರ್ ಎಂದರೆ 2.8 ಕಿಲೋವ್ಯಾಟ್. ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಎಂಜಿನ್ ಐದಾರು ಅಶ್ವಶಕ್ತಿ ಕೊಡಬೇಕು.

ಫ್ರಿಜ್ ಅಥವಾ ದೊಡ್ಡ ಇನ್ವರ್ಟರ್ ಇರುವ ಗಾಡಿಗೆ ಎರಡನೆಯದು ನಿಜಕ್ಕೂ ಬೇಕಾಗಬಹುದು. ಉಳಿದವರು ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 24 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ, ಲೈಟೆಲ್ಲ ಹಾಕಿದರೂ ಬ್ಯಾಟರಿಯಲ್ಲಿ ಸುಮಾರು 28 ವೋಲ್ಟ್ ತೋರಿಸಿದರೆ ಈಗಿರುವುದೇ ಸಾಕು. ಕಡಿಮೆ ಇದ್ದರೆ ಬೆಲ್ಟ್ ಬಿಗಿ, ಅರ್ತಿಂಗ್ ವೈರ್ ನೋಡಿಸಿ.